ಹೃದ್ರೋಗಿಗಳ ಆರೈಕೆ: ಪರೀಕ್ಷೆಯಲ್ಲಿ ಬರೆಯುವುದು ರೋಗಿಯ ಮುಂದೆ ಏಕೆ ಕೈಗೆ ಬರುವುದಿಲ್ಲ?

ಪ್ರಶ್ನೆ
ಬರೆದವರು: ತಾಲ್ಲೂಕು ಆಸ್ಪತ್ರೆಯ ಶುಶ್ರೂಷಾಧಿಕಾರಿ

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹೊಸದಾಗಿ ಸೇರಿದ ನಾಲ್ವರು ಸಿಸ್ಟರ್‌ಗಳಿಗೂ ಇಬ್ಬರು ಬ್ರದರ್‌ಗಳಿಗೂ ಹೃದ್ರೋಗಿಗಳ ಆರೈಕೆಯನ್ನು ಕಲಿಸುವ ಹೊಣೆ ಕಳೆದ ವರ್ಷದಿಂದ ನನ್ನ ಮೇಲಿದೆ. ಆ ಹೊಣೆಯನ್ನು ಸರಿಯಾಗಿ ಹೊರುತ್ತಿದ್ದೇನೆಯೇ ಎಂಬ ಸಂಶಯ ಬಲವಾಗಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ನಮ್ಮಂಥ ಆಸ್ಪತ್ರೆಗಳ ಕೆಲಸದ ಸ್ವರೂಪವೇ ಬದಲಾಗಿದೆ. ಮೊದಲು ಎದೆನೋವೆಂದು ಬಂದವರಿಗೆ ಒಂದು ಇಸಿಜಿ ತೆಗೆದು, ನಾಲಿಗೆಯ ಕೆಳಗೊಂದು ಮಾತ್ರೆ ಇಟ್ಟು, ಆಂಬುಲೆನ್ಸ್ ಹತ್ತಿಸಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತಿದ್ದೆವು. ಈಗ ಇಸಿಜಿಯನ್ನು ಇಲ್ಲಿಂದಲೇ ದೊಡ್ಡ ಕೇಂದ್ರದ ಹೃದ್ರೋಗ ತಜ್ಞರಿಗೆ ಕಳುಹಿಸುತ್ತೇವೆ. ಅವರು ಹೃದಯಾಘಾತವೆಂದು ಖಚಿತಪಡಿಸಿದರೆ, ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ನಮ್ಮಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ರೋಗಿಯ ಜೀವ ಉಳಿಯುವ ಮೊದಲ ಅರ್ಧ ಗಂಟೆ ಈಗ ನಮ್ಮ ಕೈಯಲ್ಲಿದೆ.

ಎರಡು ತಿಂಗಳ ಹಿಂದೆ ರಾತ್ರಿ ಒಂದೂವರೆ ಗಂಟೆಗೆ ಅಡಿಕೆ ತೋಟದ ಕೆಲಸಗಾರರೊಬ್ಬರನ್ನು ಅವರ ಮಗ ಬೈಕಿನ ಹಿಂದೆ ಕೂರಿಸಿಕೊಂಡು ಕರೆತಂದ. ಐವತ್ತೆರಡು ವರ್ಷ, ಅಂಗಿ ಒದ್ದೆಯಾಗುವಷ್ಟು ಬೆವರು, ‘ಗ್ಯಾಸ್ಟ್ರಿಕ್ ಆಗಿರಬೇಕು, ಒಂದು ಇಂಜೆಕ್ಷನ್ ಕೊಡಿ’ ಎಂಬ ಮಾತು. ಹೊಸ ಸಿಸ್ಟರ್ ತಡಮಾಡದೆ ಇಸಿಜಿ ತೆಗೆದರು. ಪ್ರತಿಯಲ್ಲಿ ಎರಡನೆಯ ಲೀಡ್ (ಹೃದಯವನ್ನು ಒಂದೊಂದು ಕೋನದಿಂದ ತೋರಿಸುವ ಗೆರೆಗಳಲ್ಲಿ ಒಂದು) ಬಹುತೇಕ ಸಪಾಟಾದ ಗೆರೆಯಾಗಿತ್ತು. ಡ್ಯೂಟಿ ಡಾಕ್ಟರ್ ಅದನ್ನು ಹಿಡಿದು ಗೊಂದಲಕ್ಕೆ ಬಿದ್ದರು. ನಾನು ಹೋಗಿ ನೋಡಿದಾಗ ಬಲಗೈಯ ಕೆಂಪು ತಂತಿ ಬಲಗಾಲಿಗೂ ಬಲಗಾಲಿನ ಕಪ್ಪು ತಂತಿ ಬಲಗೈಗೂ ಬಿದ್ದಿದ್ದವು. ಎದೆಗೆ ಅಂಟಿಸುವ ಇಸಿಜಿ ಬಟ್ಟಲುಗಳು ಒಂದು ಪಕ್ಕೆಲುಬಿನಷ್ಟು ಮೇಲೆ ಕೂತಿದ್ದವು. ಅಷ್ಟರಲ್ಲಿ ಇನ್ನೊಬ್ಬರು ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಬೆರಳಲ್ಲಿ ಹಿಡಿದು ರೋಗಿಯ ಬಾಯಿ ತೆರೆಸುತ್ತಿದ್ದರು. ಬಿಪಿಯನ್ನು ಯಾರೂ ಇನ್ನೂ ನೋಡಿರಲಿಲ್ಲ. ನಾನು ತಡೆದು ನೋಡಿದೆ. ಮೇಲಿನ ಅಂಕಿ 86 ಇತ್ತು. ತಂತಿ ಸರಿಪಡಿಸಿ ಮತ್ತೆ ತೆಗೆದ ಇಸಿಜಿಯಲ್ಲಿ ಹೃದಯದ ಕೆಳಭಾಗದ ಆಘಾತ ಸ್ಪಷ್ಟವಾಗಿ ಕಂಡಿತು. ಇಷ್ಟರಲ್ಲಿ ಹದಿನಾಲ್ಕು ನಿಮಿಷ ಹೋಗಿತ್ತು. ರೋಗಿ ಉಳಿದರು ಎಂಬುದು ದೊಡ್ಡ ಸಮಾಧಾನ.

ನನ್ನನ್ನು ಈಗಲೂ ಕಾಡುವ ವಿಷಯ ಮರುದಿನದ್ದು. ಅದೇ ಸಿಸ್ಟರ್‌ಗೆ ಒಂದು ಹಾಳೆ ಕೊಟ್ಟು, ಲೀಡ್‌ಗಳ ಜಾಗವನ್ನು ಬರೆದು ತೋರಿಸಿ ಎಂದೆ. ಒಂದು ತಪ್ಪೂ ಇಲ್ಲದೆ ಬರೆದರು. ಸಾರ್ಬಿಟ್ರೇಟ್ ಯಾವಾಗ ಕೊಡಬಾರದು ಎಂದು ಕೇಳಿದ್ದಕ್ಕೆ ಇನ್ನೊಬ್ಬರೂ ಸರಿಯಾಗಿ ಹೇಳಿದರು. ತರಬೇತಿಯ ಕೊನೆಯಲ್ಲಿ ನಾನು ಇಟ್ಟ ಪರೀಕ್ಷೆಯಲ್ಲಿ ಇಬ್ಬರೂ ಒಳ್ಳೆಯ ಅಂಕ ತೆಗೆದವರೇ. ತಿಳಿವಳಿಕೆ ಇದ್ದೂ ಅದು ರೋಗಿಯ ಮುಂದೆ ಕೈಗೆ ಬರದಿದ್ದರೆ ನಾನು ಕಲಿಸುತ್ತಿರುವ ರೀತಿಯಲ್ಲಿಯೇ ಏನೋ ಕೊರತೆಯಿದೆ ಎಂದಾಯಿತು. ನಿಮ್ಮಲ್ಲಿ ಹೃದ್ರೋಗ ವಿಭಾಗಗಳಲ್ಲಿ ದುಡಿದವರು, ಕಲಿಸಿದವರು ಇದ್ದೀರಿ. ಏನನ್ನು, ಯಾವ ಕ್ರಮದಲ್ಲಿ, ಎಷ್ಟು ಸಲ ಮಾಡಿಸಿದರೆ ಕೈ ಕುದುರುತ್ತದೆ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.


ಉತ್ತರ 1
ಬರೆದವರು: ಸಿಸಿಯು (ಹೃದ್ರೋಗ ತೀವ್ರ ನಿಗಾ ಘಟಕ) ಇನ್‌ಚಾರ್ಜ್ ಸಿಸ್ಟರ್, ಬೆಂಗಳೂರು

ಸಿಸ್ಟರ್, ಮೊದಲು ಒಂದು ಮಾತು. ಆ ರಾತ್ರಿ ಮಾತ್ರೆಯನ್ನು ಬಾಯಿಗೆ ಹೋಗುವ ಮೊದಲೇ ತಡೆದಿರಲ್ಲ, ಅಲ್ಲಿಯೇ ಆ ರೋಗಿಯ ಅರ್ಧ ಚಿಕಿತ್ಸೆ ಆಗಿದೆ. ಹೃದಯದ ಕೆಳಭಾಗದ ಆಘಾತವಾದವರಲ್ಲಿ ಮೂರರಲ್ಲೊಬ್ಬರಿಗಾದರೂ ಬಲ ಹೃತ್ಕುಕ್ಷಿಗೂ (ಹೃದಯದ ಬಲ ಕೆಳಕೋಣೆಗೂ) ಪೆಟ್ಟು ಬಿದ್ದಿರುತ್ತದೆ. ಅಂಥ ಹೃದಯ ತನಗೆ ಬಂದು ಸೇರುವ ರಕ್ತದ ಪ್ರಮಾಣವನ್ನು ನೆಚ್ಚಿಕೊಂಡೇ ಬಡಿಯುತ್ತಿರುತ್ತದೆ. ಸಾರ್ಬಿಟ್ರೇಟ್ ರಕ್ತನಾಳಗಳನ್ನು ಹಿಗ್ಗಿಸಿ ಆ ರಕ್ತವನ್ನು ಕೈಕಾಲುಗಳಲ್ಲಿಯೇ ನಿಲ್ಲಿಸಿಬಿಡುತ್ತದೆ. ನೋಡನೋಡುತ್ತಿದ್ದಂತೆ ಬಿಪಿ ಕುಸಿಯುತ್ತದೆ. ಆದ್ದರಿಂದ ಹೃದಯದ ಕೆಳಭಾಗವನ್ನು ತೋರಿಸುವ ಎರಡು, ಮೂರು ಮತ್ತು ಎವಿಎಫ್ ಲೀಡ್‌ಗಳಲ್ಲಿ ಗೆರೆಯ ಏರಿಕೆ ಕಂಡ ಕೂಡಲೇ ಎದೆಯ ಆರು ಬಟ್ಟಲುಗಳಲ್ಲಿ ನಾಲ್ಕನೆಯದಾದ ವಿ4 ಅನ್ನು ಕಿತ್ತು, ಬಲ ಎದೆಯ ಮೇಲೆ ಅದೇ ಮಟ್ಟದಲ್ಲಿ ಇಟ್ಟು ಇನ್ನೊಂದು ಪ್ರತಿ ತೆಗೆಯುವುದನ್ನು ನಮ್ಮ ವಿಭಾಗದಲ್ಲಿ ಯಾರ ಆದೇಶಕ್ಕೂ ಕಾಯದೆ ಮಾಡುತ್ತೇವೆ. ಲೈಂಗಿಕ ಶಕ್ತಿಯ ಮಾತ್ರೆಯ ಜೊತೆ ಸಾರ್ಬಿಟ್ರೇಟ್ ಸೇರಿದರೂ ಬಿಪಿ ಕುಸಿಯುತ್ತದೆ; ಆದರೆ ಅದನ್ನು ನುಂಗಿದ್ದೀರಾ ಎಂದು ಗಂಡಸರನ್ನು ಮಗನ ಎದುರು ಕೇಳಬೇಡಿ. ಮಗನನ್ನು ಚೀಟಿ ಮಾಡಿಸಲು ಕಳುಹಿಸಿ, ಆಮೇಲೆ ಕೇಳಿ.

ಇನ್ನು ಬಟ್ಟಲುಗಳ ವಿಷಯ. ನಾನು ಹೊಸಬರಿಗೆ ಚಿತ್ರ ತೋರಿಸುವುದನ್ನು ಬಿಟ್ಟು ಏಳೆಂಟು ವರ್ಷಗಳಾದವು. ಅವರ ಬೆರಳನ್ನು ಹಿಡಿದು ಅವರದೇ ಎದೆಯ ಮೇಲೆ ಇಡಿಸುತ್ತೇನೆ. ಗಂಟಲ ಗುಳಿಯಿಂದ ಎದೆಮೂಳೆಯ ಮೇಲೆ ಬೆರಳನ್ನು ನಿಧಾನವಾಗಿ ಕೆಳಗೆ ಜಾರಿಸಿದರೆ ನಾಲ್ಕೈದು ಸೆಂಟಿಮೀಟರ್ ಕೆಳಗೆ ಒಂದು ಉಬ್ಬು ಸಿಗುತ್ತದೆ. ಆ ಉಬ್ಬಿನಿಂದ ಪಕ್ಕಕ್ಕೆ ಸರಿದರೆ ಎರಡನೆಯ ಪಕ್ಕೆಲುಬು, ಅದರ ಕೆಳಗಿನದು ಎರಡನೆಯ ಸಂದು. ಅಲ್ಲಿಂದ ಎಣಿಸಿಕೊಂಡು ನಾಲ್ಕನೆಯ ಸಂದಿಗೆ ಬಂದರೆ ಎದೆಮೂಳೆಯ ಬಲಕ್ಕೆ ವಿ1, ಎಡಕ್ಕೆ ವಿ2. ಆಮೇಲೆ ವಿ3 ಅಲ್ಲ, ವಿ4. ಐದನೆಯ ಸಂದಿನಲ್ಲಿ, ಕೊರಳೆಲುಬಿನ ನಡುವಿನಿಂದ ಇಳಿಯುವ ಗೆರೆಯ ಮೇಲೆ. ವಿ2 ಮತ್ತು ವಿ4ರ ನಡುವೆ ವಿ3. ವಿ4ರ ಮಟ್ಟದಲ್ಲಿಯೇ ಕಂಕುಳ ಮುಂಭಾಗದ ಗೆರೆಯಲ್ಲಿ ವಿ5, ನಡುಗೆರೆಯಲ್ಲಿ ವಿ6. ಎಣಿಸದೆ ಕಣ್ಣಂದಾಜಿನಲ್ಲಿ ಇಡುವವರು ಸಾಮಾನ್ಯವಾಗಿ ಮೇಲಕ್ಕೇ ಇಡುತ್ತಾರೆ. ನಿಮ್ಮಲ್ಲಿ ಆದದ್ದೂ ಅದೇ. ಹೊಸಬರು ಒಬ್ಬರ ಮೇಲೊಬ್ಬರು ಇಪ್ಪತ್ತು ಸಲವಾದರೂ ಇದನ್ನು ಮಾಡಲಿ. ತೆಳ್ಳಗಿರುವವರ ಮೇಲೆ, ದಪ್ಪಗಿರುವವರ ಮೇಲೆ, ಕೂದಲಿರುವ ಎದೆಯ ಮೇಲೆ, ಬೆವರಿದ ಎದೆಯ ಮೇಲೆ ಮಾಡಲಿ. ಬೆವರಿದ ಚರ್ಮದ ಮೇಲೆ ಬಟ್ಟಲು ನಿಲ್ಲುವುದಿಲ್ಲ ಎಂಬುದು ಪುಸ್ತಕ ಓದಿದವರಿಗೆ ಹೊಳೆಯುವುದಿಲ್ಲ; ಒಣ ಹತ್ತಿಯಿಂದ ಒರೆಸಬೇಕು ಎಂಬುದು ಜಾರಿದ ಮೇಲಷ್ಟೇ ನೆನಪಾಗುತ್ತದೆ.

ತಪ್ಪಿನ ಗುರುತುಗಳನ್ನೂ ಕಲಿಸಿ. ಎರಡು ಕೈಗಳ ತಂತಿ ಅದಲುಬದಲಾದರೆ ಒಂದನೆಯ ಲೀಡ್ ತಲೆಕೆಳಗಾಗಿ ಎವಿಆರ್ ನೆಟ್ಟಗಾಗುತ್ತದೆ. ಬಲಗೈ ಮತ್ತು ಬಲಗಾಲಿನವು ಅದಲುಬದಲಾದರೆ ನೀವು ಕಂಡಂತೆ ಎರಡನೆಯ ಲೀಡ್ ಸಪಾಟಾಗುತ್ತದೆ. ನಾನು ತರಬೇತಿಯಲ್ಲಿ ಬೇಕೆಂದೇ ತಂತಿ ಬದಲಿಸಿ ಪ್ರತಿ ತೆಗೆಸಿ, ಎಲ್ಲಿ ತಪ್ಪಾಗಿದೆ ಹೇಳಿ ಎಂದು ಕೇಳುತ್ತೇನೆ. ಒಮ್ಮೆ ಆ ಸಪಾಟು ಗೆರೆಯನ್ನು ತಾವೇ ಉಂಟುಮಾಡಿ ನೋಡಿದವರು ಅದನ್ನು ಮತ್ತೆ ಮರೆಯುವುದಿಲ್ಲ.

ಹೆಂಗಸರ ಇಸಿಜಿಯ ಬಗ್ಗೆ ನನಗೆ ಬಹಳ ಸಂಕಟವಿದೆ. ಪರದೆ ಎಳೆಯದೆ, ಸೆರಗು ಸರಿಸಲು ಸಂಕೋಚಪಟ್ಟು, ರವಿಕೆಯ ಮೇಲಂಚಿನಲ್ಲಿಯೇ ಬಟ್ಟಲು ಅಂಟಿಸಿ ತೆಗೆದ ಪ್ರತಿಗಳನ್ನು ಎಷ್ಟೋ ನೋಡಿದ್ದೇನೆ. ಸ್ತನವನ್ನು ಅಂಗೈಯ ಹಿಂಬದಿಯಿಂದ ಮೆಲ್ಲಗೆ ಎತ್ತಿ ಅದರ ಕೆಳಗೆ ವಿ4 ಇಡಬೇಕು. ಹಾಗೆ ಮಾಡುವ ಮೊದಲು ಏನು ಮಾಡುತ್ತಿದ್ದೇವೆಂದು ಆ ತಾಯಿಗೆ ಹೇಳಬೇಕು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಹೃದಯಾಘಾತ ಎದೆನೋವಾಗಿ ಬರದೆ ಬರೀ ಸುಸ್ತು, ವಾಂತಿ, ದವಡೆ ನೋವು, ಉಸಿರು ಕಟ್ಟುವುದು ಇಷ್ಟರಲ್ಲಿಯೇ ಬರಬಹುದು. ಇವರಿಗೆ ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಮನೆಗೆ ಕಳುಹಿಸಿದ ಮೇಲೆ ಏನಾಯಿತೆಂಬುದು ನಮ್ಮ ಕಿವಿಗೆ ಬೀಳುವುದೂ ಇಲ್ಲ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಎಂಬ ನಿಯಮ ಇವರಿಗೂ ಅನ್ವಯಿಸಲಿ. ಮೊದಲ ಪ್ರತಿ ಸರಿಯಾಗಿದ್ದು ಸಂಕಟ ಹಾಗೇ ಇದ್ದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಮತ್ತೊಂದನ್ನು ತೆಗೆಯಿರಿ. ಪ್ರತಿಯ ಮೇಲೆ ಹೊತ್ತನ್ನು ಪೆನ್ನಿನಲ್ಲಿ ಬರೆಯಿರಿ, ಯಂತ್ರದ ಗಡಿಯಾರವನ್ನು ನಂಬಬೇಡಿ.

ಟೆನೆಕ್ಟೆಪ್ಲೇಸ್ ಬಗ್ಗೆ ನಿಮಗೆ ಗೊತ್ತಿರುವುದೇ ಆದರೂ ಹೊಸಬರಿಗಾಗಿ ಬರೆಯುತ್ತೇನೆ. ಪ್ರಮಾಣವು ತೂಕದ ಮೇಲೆ ನಿಂತಿದೆ: 60 ಕಿಲೋಗಿಂತ ಕಡಿಮೆಯಿದ್ದರೆ 30 ಮಿಲಿಗ್ರಾಂ, ಅಲ್ಲಿಂದ ಪ್ರತಿ ಹತ್ತು ಕಿಲೋಗೆ ಐದೈದು ಏರುತ್ತ ಹೋಗಿ 90 ಕಿಲೋ ಮತ್ತು ಮೇಲ್ಪಟ್ಟವರಿಗೆ 50. ಎಪ್ಪತ್ತೈದು ದಾಟಿದವರಿಗೆ ಅರ್ಧ ಪ್ರಮಾಣವನ್ನು ವೈದ್ಯರು ಹೇಳಬಹುದು, ಕೇಳಿ ಖಚಿತಪಡಿಸಿಕೊಳ್ಳಿ. ಡೆಕ್ಸ್‌ಟ್ರೋಸ್ ಹೋಗುತ್ತಿರುವ ಲೈನಿನಲ್ಲಿ ಇದನ್ನು ಕೊಟ್ಟರೆ ಔಷಧಿ ನಳಿಕೆಯೊಳಗೇ ಗರಣೆಗಟ್ಟುತ್ತದೆ. ಆದ್ದರಿಂದ ಮೊದಲೂ ಆಮೇಲೂ ಸಲೈನ್ ಬಿಟ್ಟು ಲೈನನ್ನು ತೊಳೆಯಬೇಕು. ಕೊಟ್ಟ ಮೇಲೆ ಮಾಂಸಖಂಡಕ್ಕೆ ಯಾವ ಚುಚ್ಚುಮದ್ದೂ ಬೇಡ. ವಸಡು, ಮೂತ್ರ, ಚುಚ್ಚಿದ ಜಾಗ ಇವುಗಳನ್ನು ನೋಡುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ರೋಗಿಯ ಮಾತು. ಚೆನ್ನಾಗಿ ಮಾತಾಡುತ್ತಿದ್ದವರ ನಾಲಿಗೆ ತೊದಲಿದರೆ, ತಲೆನೋವೆಂದರೆ, ಅದು ಮಿದುಳಿನ ರಕ್ತಸ್ರಾವ ಎಂದೇ ಎಣಿಸಿ ಕೂಡಲೇ ವೈದ್ಯರನ್ನು ಕರೆಯಬೇಕು. ಅರವತ್ತರಿಂದ ತೊಂಬತ್ತು ನಿಮಿಷದ ಹೊತ್ತಿಗೆ ಇನ್ನೊಂದು ಇಸಿಜಿ ತೆಗೆದು, ಏರಿದ ಗೆರೆ ಅರ್ಧಕ್ಕಿಂತ ಹೆಚ್ಚು ಇಳಿದಿದೆಯೇ ಎಂದು ನೋಡಬೇಕು. ಇಳಿದಿಲ್ಲವೆಂದರೆ ಆಂಬುಲೆನ್ಸ್ ಹೊರಡುವುದು ಒಂದು ನಿಮಿಷವೂ ತಡವಾಗಬಾರದು.


ಉತ್ತರ 2
ಬರೆದವರು: ನರ್ಸಿಂಗ್ ಕಾಲೇಜಿನ ಬೋಧಕಿ

ಮೇಡಂ, ನಿಮ್ಮ ಪ್ರಶ್ನೆ ನಮ್ಮಂಥ ಬೋಧಕರಿಗೇ ಕೇಳಿದ ಪ್ರಶ್ನೆ ಎಂದು ತೆಗೆದುಕೊಂಡು ಉತ್ತರಿಸುತ್ತಿದ್ದೇನೆ.

ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳನ್ನು ನೋಡಿದವರಿಗೆ ಒಂದು ಮಾದರಿ ಚಿರಪರಿಚಿತ. ಮೊದಲು ಒಂದು ಪ್ರಶ್ನಾವಳಿ, ಆಮೇಲೆ ಮುಕ್ಕಾಲು ಗಂಟೆಯ ವ್ಯವಸ್ಥಿತ ಬೋಧನಾ ಕಾರ್ಯಕ್ರಮ, ಏಳು ದಿನಗಳ ನಂತರ ಅದೇ ಪ್ರಶ್ನಾವಳಿ. ಅಂಕ ಏರಿರುತ್ತದೆ, ಬೋಧನೆ ಪರಿಣಾಮಕಾರಿ ಎಂಬ ತೀರ್ಮಾನ ಬರುತ್ತದೆ. ನಾನೂ ಹೀಗೆಯೇ ಪ್ರಬಂಧ ಬರೆದೆ, ಇಂಥ ಪ್ರಬಂಧಗಳಿಗೆ ಮಾರ್ಗದರ್ಶನವನ್ನೂ ಮಾಡಿದೆ. ವರ್ಷಗಳ ನಂತರವೇ ನನಗೆ ಅರಿವಾದದ್ದೇನೆಂದರೆ, ಏಳು ದಿನಗಳಲ್ಲಿ ಅದೇ ಪ್ರಶ್ನೆಗೆ ಹೆಚ್ಚು ಅಂಕ ಬರುವುದು ಆಶ್ಚರ್ಯವೇ ಅಲ್ಲ. ರಾತ್ರಿ ಪಾಳಿಯಲ್ಲಿ ಆ ಶುಶ್ರೂಷಕಿ ಏನು ಮಾಡುತ್ತಾಳೆ ಎಂಬುದನ್ನು ಆ ಅಳತೆಗೋಲು ಮುಟ್ಟುವುದೇ ಇಲ್ಲ. ಅದನ್ನು ಅಳೆಯಬೇಕಾದರೆ ಪಕ್ಕದಲ್ಲಿ ನಿಂತು, ಗುರುತುಪಟ್ಟಿ ಹಿಡಿದು, ಹೆಜ್ಜೆಹೆಜ್ಜೆಯನ್ನೂ ನೋಡಬೇಕು. ನೀವು ಹಾಳೆಯ ಮೇಲೆ ಬರೆಸಿದ್ದರ ಬದಲು ಮರುದಿನ ಅದೇ ಸಿಸ್ಟರ್‌ನಿಂದ ಇನ್ನೊಬ್ಬರ ಎದೆಯ ಮೇಲೆ ಬಟ್ಟಲು ಇಡಿಸಿದ್ದರೆ ತಪ್ಪು ಅಲ್ಲಿಯೇ ಸಿಗುತ್ತಿತ್ತು.

ಎರಡನೆಯದು, ಕೌಶಲ ಕುಂದುವ ವೇಗ. ಸಿಪಿಆರ್ (ನಿಂತ ಹೃದಯವನ್ನು ಎದೆ ಒತ್ತಿ ನಡೆಸುವುದು) ತರಬೇತಿಯ ಬಗ್ಗೆ ನಡೆದ ಅನೇಕ ಅಧ್ಯಯನಗಳಲ್ಲಿ ಕಂಡುಬಂದಿರುವುದೇನೆಂದರೆ, ಕಲಿತ ಮೂರರಿಂದ ಆರು ತಿಂಗಳೊಳಗೆ ಕೈಚಳಕ ಗಮನಾರ್ಹವಾಗಿ ಇಳಿಯುತ್ತದೆ. ಬಾಯಿಪಾಠವಾದ ತಿಳಿವಳಿಕೆ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ನಮ್ಮ ಪ್ರಮಾಣಪತ್ರಗಳೋ ಎರಡು ವರ್ಷಗಳ ಅವಧಿಯವು. ಪ್ರಮಾಣಪತ್ರ ಚಾಲ್ತಿಯಲ್ಲಿದ್ದು ಕೈ ಮರೆತುಹೋಗಿರುವ ಒಂದೂವರೆ ವರ್ಷದ ಅವಧಿಯಲ್ಲಿಯೇ ನಮ್ಮ ಹೆಚ್ಚಿನ ರೋಗಿಗಳು ಬರುತ್ತಾರೆ. ಆದ್ದರಿಂದ ವರ್ಷಕ್ಕೊಮ್ಮೆ ಇಡೀ ದಿನದ ತರಬೇತಿಗಿಂತ, ತಿಂಗಳಿಗೆರಡು ಸಲ ಪಾಳಿ ಬದಲಾಗುವ ಹೊತ್ತಿನಲ್ಲಿ ಹತ್ತು ನಿಮಿಷದ ಅಭ್ಯಾಸ ಮಾಡಿಸಿ. ಬೊಂಬೆ ಇಲ್ಲವೆಂದು ನಿಲ್ಲಿಸಬೇಡಿ. ಗಟ್ಟಿಯಾಗಿ ಸುತ್ತಿ ಕಟ್ಟಿದ ಹಾಸಿಗೆಯ ಮೇಲೂ ನಿಮಿಷಕ್ಕೆ 100ರಿಂದ 120ರ ಲಯವನ್ನು ಕಲಿಯಬಹುದು, ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುವುದನ್ನು ಕಲಿಯಬಹುದು. ಐದು ಸೆಂಟಿಮೀಟರ್ ಆಳ ಮತ್ತು ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡುವುದು ಮಾತ್ರ ಬೊಂಬೆಯ ಮೇಲೆಯೇ ಬರಬೇಕು; ಹತ್ತಿರದ ಕಾಲೇಜನ್ನು ಕೇಳಿದರೆ ಒಂದು ಮಧ್ಯಾಹ್ನಕ್ಕೆ ಬೊಂಬೆ ಕೊಡಲು ಯಾರೂ ಹಿಂಜರಿಯುವುದಿಲ್ಲ ಎಂದು ನಂಬಿದ್ದೇನೆ.

ಸಿಸಿಯು ಸಿಸ್ಟರ್ ಅವರ ಮಾತಿಗೆ ಒಂದು ಸಣ್ಣ ತಿದ್ದುಪಡಿಯನ್ನು ಗೌರವದಿಂದಲೇ ಸೂಚಿಸುತ್ತೇನೆ. ಟೆನೆಕ್ಟೆಪ್ಲೇಸ್ ಪ್ರಮಾಣವನ್ನು ಹೊಸಬರು ಬಾಯಿಪಾಠ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಒತ್ತಡದಲ್ಲಿ ನೆನಪು ಕೈಕೊಡುತ್ತದೆ. ತೂಕ ಮತ್ತು ಪ್ರಮಾಣದ ಕೋಷ್ಟಕವನ್ನು ದೊಡ್ಡ ಅಕ್ಷರದಲ್ಲಿ ಬರೆದು ಔಷಧಿಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಕೊಡುವ ಮೊದಲು ಇಬ್ಬರು ಅದನ್ನು ಗಟ್ಟಿಯಾಗಿ ಓದಲಿ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್‌ಗಳನ್ನು ಬೇರೆ ಆಂಪೂಲ್‌ಗಳ ಜೊತೆ ಇಡದಿರುವುದೂ ಇದೇ ಜಾತಿಯ ಎಚ್ಚರ. ಅದನ್ನು ತೆಳುಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದವರ ಕೈಯಿಂದಲೇ ಜಗತ್ತಿನ ನಾನಾ ಕಡೆ ಆ ತಪ್ಪು ಆಗಿದೆ. ನೆನಪಿನ ಮೇಲೆ ಭಾರ ಹಾಕದೆ ಜಾಗದಲ್ಲಿಯೇ ತಡೆ ಹಾಕುವುದು ಒಳ್ಳೆಯದು.

ಮುಂದೆ ಓದುವ ಮನಸ್ಸಿರುವವರಿಗೆ ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ಒಂದು ವರ್ಷದ ಹೃದಯ ಮತ್ತು ಎದೆಗೂಡಿನ ಶುಶ್ರೂಷೆಯ ಡಿಪ್ಲೊಮಾ ಇದೆ. ನಿಮ್ಮ ಆರು ಜನರಲ್ಲಿ ಒಬ್ಬರಾದರೂ ಅದನ್ನು ಮಾಡಿ ಬಂದರೆ ಉಳಿದ ಐವರಿಗೆ ಪಕ್ಕದಲ್ಲಿಯೇ ಗುರು ಸಿಕ್ಕಂತಾಗುತ್ತದೆ.


ಉತ್ತರ 3
ಬರೆದವರು: ತಾಲ್ಲೂಕು ಆಸ್ಪತ್ರೆಯ ವೈದ್ಯ

ಇಬ್ಬರೂ ಹೇಳಿದ್ದು ಸರಿಯಾಗಿದೆ. ಆದರೆ ತಿಳಿವಳಿಕೆ ಕೈಗೆ ಬರದಿರುವುದಕ್ಕೆ ಅಭ್ಯಾಸದ ಕೊರತೆಯೊಂದೇ ಕಾರಣವಲ್ಲ. ಮಾಡಬಹುದೋ ಬಾರದೋ ಎಂಬ ಅಂಜಿಕೆ ಅದಕ್ಕಿಂತ ದೊಡ್ಡ ಕಾರಣ ಎಂಬುದು ನನ್ನ ಅನುಭವ, ಮತ್ತು ಆ ಅಂಜಿಕೆಯನ್ನು ಬೆಳೆಸಿದವರು ಬಹುಮಟ್ಟಿಗೆ ನಾವು ವೈದ್ಯರೇ.

ಹೃದ್ರೋಗದ ತೀವ್ರ ನಿಗಾ ಘಟಕಗಳ ಇತಿಹಾಸ ಇದಕ್ಕೆ ಸಾಕ್ಷಿ. ಎದೆಯನ್ನು ತೆರೆಯದೆ ಹೊರಗಿನಿಂದ ಒತ್ತಿ ಹೃದಯವನ್ನು ನಡೆಸಬಹುದೆಂದು 1960ರಲ್ಲಿ ಅಮೆರಿಕದ ಕೌವೆನ್‌ಹೋವನ್, ಜೂಡ್ ಮತ್ತು ನಿಕರ್‌ಬಾಕರ್ ತೋರಿಸಿದರು. ಮರುವರ್ಷ ಬ್ರಿಟನ್ನಿನ ಡೆಸ್ಮಂಡ್ ಜೂಲಿಯನ್, ಹೃದಯಾಘಾತವಾದವರನ್ನು ಒಂದೇ ಕಡೆ ಇಟ್ಟು ಅವರ ಹೃದಯದ ಲಯವನ್ನು ಸತತವಾಗಿ ಗಮನಿಸಬೇಕು ಎಂದು ಬರೆದರು. ಮೊದಮೊದಲ ಘಟಕಗಳಲ್ಲಿ ಮಾನಿಟರ್ ಸದ್ದು ಮಾಡಿದಾಗ ಶುಶ್ರೂಷಕಿ ವೈದ್ಯರನ್ನು ಕರೆಯಬೇಕಿತ್ತು. ವೈದ್ಯರು ಬರುವಷ್ಟರಲ್ಲಿ ರೋಗಿ ಹೋಗಿರುತ್ತಿದ್ದರು. ಫಿಲಡೆಲ್ಫಿಯಾದ ಲಾರೆನ್ಸ್ ಮೆಲ್ಟ್‌ಜರ್ ಎಂಬ ವೈದ್ಯರೂ ರೋಸ್ ಪಿನಿಯೋ ಎಂಬ ಶುಶ್ರೂಷಕಿಯೂ 1960ರ ದಶಕದ ಆರಂಭದಲ್ಲಿ ಈ ಕ್ರಮವನ್ನು ಬದಲಿಸಿದರು. ಲಯವನ್ನು ಗುರುತಿಸಲು ಶುಶ್ರೂಷಕಿಯರಿಗೆ ಕಲಿಸಿ, ಮಾರಕ ಲಯ ಕಂಡರೆ ವೈದ್ಯರಿಗಾಗಿ ಕಾಯದೆ ವಿದ್ಯುದಾಘಾತ ಕೊಡುವ ಅಧಿಕಾರವನ್ನೂ ಅವರಿಗೆ ಕೊಟ್ಟರು. ಆ ಘಟಕಗಳು ಜೀವ ಉಳಿಸಲು ಶುರುಮಾಡಿದ್ದು ಅಲ್ಲಿಂದ. ಯಂತ್ರ ಅದೇ ಇತ್ತು, ತಿಳಿವಳಿಕೆಯ ಜೊತೆಗೆ ಅನುಮತಿ ಸೇರಿತ್ತು.

ನಮ್ಮ ಆಸ್ಪತ್ರೆಯಲ್ಲಿ ಒಂದು ಪುಟದ ಲಿಖಿತ ಸೂಚನೆಗೆ ನಾನೂ ಆಡಳಿತ ವೈದ್ಯಾಧಿಕಾರಿಗಳೂ ಸಹಿ ಹಾಕಿದ್ದೇವೆ. ಮೂವತ್ತು ದಾಟಿದ ಯಾರೇ ಎದೆಯ ಸಂಕಟವೆಂದು ಬಂದರೂ ಚೀಟಿಗಾಗಿ ಕಾಯದೆ ಸಿಸ್ಟರ್ ಇಸಿಜಿ ತೆಗೆದು ಕೇಂದ್ರಕ್ಕೆ ಕಳುಹಿಸಬಹುದು, ಎರಡೂ ತೋಳಿನ ಬಿಪಿ ನೋಡಿ ಐವಿ ಲೈನ್ ಹಾಕಬಹುದು, ಸಕ್ಕರೆ ಪರೀಕ್ಷಿಸಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಮಾತ್ರೆಗಳ ಲೋಡಿಂಗ್ ಡೋಸ್ (ಮೊದಲ ದೊಡ್ಡ ಪ್ರಮಾಣ) ತೆಗೆದು ಸಿದ್ಧವಾಗಿಟ್ಟು ನನಗೆ ಫೋನ್ ಮಾಡಬಹುದು. ಈ ಹಾಳೆ ಗೋಡೆಗೆ ಬಂದ ಮೇಲೆ ನಮ್ಮ ಸಿಸ್ಟರ್‌ಗಳು ಕೆಲಸ ಮಾಡುವ ರೀತಿಯೇ ಬೇರೆಯಾಯಿತು. ಸಾರ್ಬಿಟ್ರೇಟ್ ಮಾತ್ರ ಆ ಪಟ್ಟಿಯಲ್ಲಿಲ್ಲ. ಬಿಪಿ ಮತ್ತು ಇಸಿಜಿ ನೋಡದೆ ಅದನ್ನು ಕೊಡಕೂಡದು ಎಂದು ಕೆಂಪಕ್ಷರದಲ್ಲಿ ಬರೆದಿದ್ದೇವೆ.

ರಾತ್ರಿ ವೈದ್ಯರನ್ನು ಎಬ್ಬಿಸಿದರೆ ಬೈಯುತ್ತಾರೆಂದು ಹಿಂಜರಿಯುವವರಿಗೆ ಹೇಳುವ ಮಾತನ್ನೂ ಕಲಿಸಿ. ‘ಸರ್, ಪೇಷೆಂಟ್ ಸರಿಯಿಲ್ಲ, ಬನ್ನಿ’ ಎಂದರೆ ನಿದ್ದೆಗಣ್ಣಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ‘ಐವತ್ತೆರಡು ವರ್ಷದವರು, ಒಂದು ಗಂಟೆಯಿಂದ ಎದೆ ಸಂಕಟ, ಬಿಪಿ 86, ಎರಡು ಮೂರು ಎವಿಎಫ್‌ನಲ್ಲಿ ಏರಿಕೆಯಿದೆ, ನೀವು ಈಗಲೇ ಬರಬೇಕು’ ಎಂದರೆ ಮಂಚದಿಂದ ಇಳಿಯದವರಿಲ್ಲ.


ಉತ್ತರ 4
ಬರೆದವರು: ಮೆಡಿಕಲ್ ವಾರ್ಡಿನ ಶುಶ್ರೂಷಕ, ಉತ್ತರ ಕರ್ನಾಟಕ

ಎಲ್ಲರೂ ತುರ್ತು ವಿಭಾಗದ ಬಗ್ಗೆ ಬರೆದಿದ್ದೀರಿ. ಹೃದಯಾಘಾತದ ಮೊದಲ ಗಂಟೆಯಷ್ಟೇ ಹೃದ್ರೋಗಿಗಳ ಆರೈಕೆಯಲ್ಲ ಎಂಬುದನ್ನು ನೆನಪಿಸಲು ಈ ಉತ್ತರ.

ನಮ್ಮ ವಾರ್ಡಿಗೆ ಬರುವವರಲ್ಲಿ ಚಿಕ್ಕಂದಿನ ಕೀಲುವಾತ ಜ್ವರದಿಂದ ಕವಾಟ ಕೆಟ್ಟವರು, ಲೋಹದ ಕವಾಟ ಹಾಕಿಸಿಕೊಂಡವರು, ಹೃದಯ ದುರ್ಬಲವಾಗಿ ಕಾಲು ಬಾತವರು ಹೆಚ್ಚು. ಇವರ ವಿಷಯದಲ್ಲಿ ಶುಶ್ರೂಷಕರ ಕೌಶಲವೆಂದರೆ ಬಹುಮಟ್ಟಿಗೆ ಕೇಳುವ ಮತ್ತು ಹೇಳುವ ಕೌಶಲ. ಮೊದಲು ಕೇಳುವುದು. ‘ಎದಿ ಹಿಡದಂಗ ಆಗೈತ್ರಿ’, ‘ದಮ್ಮ ಹತ್ತತೈತ್ರಿ’ ಎಂದು ನಮ್ಮ ಕಡೆಯವರು ಹೇಳುವುದನ್ನು ಬೇರೆ ಸೀಮೆಯಿಂದ ಬಂದ ಸಿಸ್ಟರ್‌ಗಳು ಅಸ್ತಮಾ ಎಂದು ಬರೆದುಕೊಂಡದ್ದನ್ನು ಕಂಡಿದ್ದೇನೆ. ಅಲ್ಲಿಗೆ ನಿಲ್ಲಿಸದೆ, ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತೀರಾ ಎಂಬ ಎರಡು ಪ್ರಶ್ನೆ ಕೇಳಿದ್ದರೆ ಹೃದಯದ ದೌರ್ಬಲ್ಯ ಅಲ್ಲಿಯೇ ಗೊತ್ತಾಗುತ್ತಿತ್ತು.

ಆಮೇಲೆ ಹೇಳುವುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರಾಮ್ ಮಾತ್ರೆ ತೆಗೆದುಕೊಳ್ಳುವವರಿಗೆ ಸೊಪ್ಪು ತಿನ್ನಬೇಡಿ ಎಂದು ಹೇಳಿ ಕಳುಹಿಸುವ ರೂಢಿ ಇನ್ನೂ ಇದೆ. ಪುಂಡಿಪಲ್ಲೆ, ಮೆಂತ್ಯದ ಪಲ್ಲೆ ಇಲ್ಲದೆ ರೊಟ್ಟಿಯ ಊಟವೇ ಆಗದ ನಾಡಿನಲ್ಲಿ ಈ ಮಾತನ್ನು ಪಾಲಿಸುವವರು ಯಾರು? ಹಾಗೆ ಹೇಳುವ ಅಗತ್ಯವೂ ಇಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ, ಒಮ್ಮೆಲೇ ಹೆಚ್ಚಿಸಬೇಡಿ, ಒಮ್ಮೆಲೇ ಬಿಡಬೇಡಿ ಎಂದರೆ ಸಾಕು. ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್ಆರ್ ಅದಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು, ಮೈಕೈ ನೋವೆಂದು ಊರಿನ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ತೆಗೆದುಕೊಳ್ಳಬೇಡಿ, ನೋವಿನ ಗುಳಿಗೆ ನುಂಗಬೇಡಿ ಎಂಬುದು. ಇಂಜೆಕ್ಷನ್ ಜಾಗದಲ್ಲಿ ರಕ್ತ ತುಂಬಿ ತೊಡೆ ಕರ್ರಗಾಗಿ ಬಂದ ಒಬ್ಬ ಹೆಣ್ಣುಮಗಳನ್ನು ನಾನು ಮರೆಯಲಾರೆ. ಅವಳ ಡಿಸ್‌ಚಾರ್ಜ್ ಚೀಟಿಯಲ್ಲಿ ಎಲ್ಲವೂ ಬರೆದಿತ್ತು, ಇಂಗ್ಲಿಷಿನಲ್ಲಿ.

ಕಾಲು ಬಾತವರಿಗೆ ತೂಕ ನೋಡಿಕೊಳ್ಳುವುದನ್ನು ಕಲಿಸಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು, ಒಂದೇ ತಕ್ಕಡಿಯ ಮೇಲೆ ನೋಡಬೇಕು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಕೊಬ್ಬಲ್ಲ, ನೀರು. ಆಗ ಕಾಯದೆ ಬರಬೇಕು. ಮನೆಯಲ್ಲಿ ತಕ್ಕಡಿ ಇಲ್ಲದವರಿಗೆ ಅಂಗನವಾಡಿ ಅಥವಾ ಹತ್ತಿರದ ಆರೋಗ್ಯ ಕೇಂದ್ರದ ದಾರಿ ತೋರಿಸಿ. ಉಪ್ಪು ಕಡಿಮೆ ಮಾಡಿ ಎಂದರೆ ಸಾರಿನ ಉಪ್ಪನ್ನಷ್ಟೇ ಕಡಿಮೆ ಮಾಡುತ್ತಾರೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಹೆಸರು ಹಿಡಿದೇ ಹೇಳಬೇಕು. ಕೀಲುವಾತ ಜ್ವರ ಬಂದ ಮಕ್ಕಳಿಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು ತಪ್ಪದಂತೆ, ಮುಂದಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಸಿಯೇ ಕಳುಹಿಸಬೇಕು. ಹೃದಯದ ಬಡಿತವನ್ನು ನಿಧಾನಗೊಳಿಸುವ ಡಿಗಾಕ್ಸಿನ್ ಕೊಡುವ ಮೊದಲು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸುವುದು ಎಲ್ಲರಿಗೂ ಗೊತ್ತು. ಮೂವತ್ತು ರೋಗಿಗಳಿಗೆ ಒಬ್ಬರೇ ಇರುವ ರಾತ್ರಿಯಲ್ಲಿ ಅದನ್ನು ಹದಿನೈದು ಸೆಕೆಂಡಿಗೆ ಇಳಿಸಿ ನಾಲ್ಕರಿಂದ ಗುಣಿಸುವವರೂ ನಾವೇ. ಲಯ ತಪ್ಪಿದ ಹೃದಯದಲ್ಲಿ ಆ ಲೆಕ್ಕ ಸುಳ್ಳು ಹೇಳುತ್ತದೆ. ಜನ ಕಡಿಮೆಯಿದ್ದರೆ ಯಾವ ಕೆಲಸವನ್ನು ಬಿಡಬಹುದು ಎಂದು ಯೋಚಿಸೋಣ, ಆ ಒಂದು ನಿಮಿಷವನ್ನಲ್ಲ.


ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರ ಉತ್ತರಗಳನ್ನೂ ಅಚ್ಚು ತೆಗೆದು ನಮ್ಮ ಆರು ಜನರೊಂದಿಗೆ ಕೂತು ಓದಿದೆ. ಮನಸ್ಸು ತುಂಬಿ ವಂದಿಸುತ್ತೇನೆ.

ವೈದ್ಯರು ಬರೆದದ್ದನ್ನು ಓದುತ್ತಿದ್ದಾಗ ಮಾತ್ರೆ ಹಿಡಿದಿದ್ದ ಸಿಸ್ಟರ್ ಒಂದು ಮಾತು ಹೇಳಿದರು. ಆ ರಾತ್ರಿ ಬಿಪಿ ನೋಡಬೇಕೆಂದು ಅವರಿಗೆ ಹೊಳೆದಿತ್ತಂತೆ, ಆದರೆ ಹಿಂದೆ ಒಮ್ಮೆ ‘ಮೊದಲು ಮಾತ್ರೆ ಇಡು, ಆಮೇಲೆ ನಿನ್ನ ಪರೀಕ್ಷೆ’ ಎಂದು ಹಿರಿಯರೊಬ್ಬರು ಗದರಿದ್ದು ನೆನಪಾಗಿ ಕೈ ಹಾಗೆ ಹೋಯಿತಂತೆ. ಎರಡು ತಿಂಗಳು ಇದನ್ನು ನನ್ನಿಂದ ಮುಚ್ಚಿಟ್ಟಿದ್ದರು. ನಾನು ಅವರಿಂದ ಉತ್ತರ ಬರೆಸಿಕೊಂಡೆನೇ ಹೊರತು, ಆ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತು ಎಂದು ಒಮ್ಮೆಯೂ ಕೇಳಿರಲಿಲ್ಲ.

ಸೋಮವಾರದಿಂದ ಬೆಳಗಿನ ಪಾಳಿ ಬದಲಾಗುವ ಹೊತ್ತಿನಲ್ಲಿ ಹತ್ತು ನಿಮಿಷದ ಅಭ್ಯಾಸ ಆರಂಭಿಸಿದ್ದೇವೆ. ಲಿಖಿತ ಸೂಚನೆಯ ಕರಡನ್ನು ನಮ್ಮ ಆಡಳಿತ ವೈದ್ಯಾಧಿಕಾರಿಗಳ ಮೇಜಿನ ಮೇಲೆ ಇಟ್ಟಿದ್ದೇನೆ. ಓದಿ ಸಹಿ ಹಾಕುವುದಾಗಿ ಹೇಳಿದ್ದಾರೆ. ತೂಕದ ಕೋಷ್ಟಕ ಫ್ರಿಜ್ಜಿನ ಬಾಗಿಲಿಗೆ ಬಂದಿದೆ. ನಿನ್ನೆ ನಾನು ಬೇಕೆಂದೇ ಕೆಂಪು ಮತ್ತು ಕಪ್ಪು ತಂತಿಗಳನ್ನು ಬದಲಿಸಿ ಒಬ್ಬ ಬ್ರದರ್‌ನ ಇಸಿಜಿ ತೆಗೆಸಿದೆ. ಪ್ರತಿ ಯಂತ್ರದಿಂದ ಪೂರ್ತಿ ಹೊರಬರುವ ಮೊದಲೇ, ಆ ರಾತ್ರಿ ಇಸಿಜಿ ತೆಗೆದಿದ್ದ ಸಿಸ್ಟರ್ ಎರಡನೆಯ ಲೀಡಿನ ಮೇಲೆ ಬೆರಳಿಟ್ಟು, ‘ಮೇಡಂ, ಬಲಗಾಲು ನೋಡಿ’ ಎಂದರು.